ದೊಡ್ಡ ಪುಟಗಳ ಹಂಚಿಕೆ: ಗಣಕಯಂತ್ರದ ಸ್ಮರಣೆಯನ್ನು ಕುರಿತು ಒಂದು ಪಾಠ

ಮಠದ ದಾಸೋಹದ ಪಂಕ್ತಿಯನ್ನು ಕಂಡವರಿಗೆ ಈ ಲೇಖನದ ವಿಷಯವು ಅರ್ಧದಷ್ಟು ಮೊದಲೇ ತಿಳಿದಂತೆ. ಪಂಕ್ತಿಯನ್ನು ಕೂರಿಸುವ ಹಿರಿಯರು ಬಾಗಿಲ ಬಳಿ ನಿಂತಿರುತ್ತಾರೆ. ಒಬ್ಬೊಬ್ಬರಾಗಿ ಬಂದವರಿಗೆ ಸ್ಥಳ ಕೊಡುವುದು ಕಷ್ಟವಲ್ಲ. ಎಲ್ಲಿ ಒಂದು ಎಲೆ ಖಾಲಿಯಿದೆಯೋ ಅಲ್ಲಿ ಕೂರಿಸಿದರಾಯಿತು. ಆದರೆ ದೂರದ ಊರಿನಿಂದ ಎಂಟು ಜನರ ಸಂಸಾರವೊಂದು ಬಂದು, ಮಕ್ಕಳುಮರಿ ಇರುವುದರಿಂದ ಒಟ್ಟಾಗಿಯೇ ಕೂರಬೇಕೆಂದು ಕೇಳಿದಾಗ ತೊಡಕು ಆರಂಭವಾಗುತ್ತದೆ. ಮನೆಯಲ್ಲಿ ಇಪ್ಪತ್ತು ಎಲೆಗಳು ಖಾಲಿಯಿರಬಹುದು. ಆದರೆ ಎಂಟು ಎಲೆಗಳು ಒಂದೇ ಸಾಲಿನಲ್ಲಿ ಒತ್ತಾಗಿ ದೊರೆಯಲಾರವು. ಆಗ ಹಿರಿಯರ ಮುಂದೆ ಮೂರು ದಾರಿಗಳಿವೆ. ಬಂದವರನ್ನು ಕಾಯಿಸಬಹುದು. ಕುಳಿತವರನ್ನು ಸ್ವಲ್ಪ ಸರಿಯಿರೆಂದು ಕೇಳಬಹುದು. ಅಥವಾ ಇಂಥವರು ಬರಬಹುದೆಂದು ಮೊದಲೇ ಒಂದು ಸಾಲನ್ನು ಕಾದಿರಿಸಬಹುದು. ಮೂರಕ್ಕೂ ಬೆಲೆಯಿದೆ, ಮತ್ತು ಆ ಬೆಲೆಯನ್ನು ತೆರುವವರು ಬೇರೆ ಬೇರೆ ಜನ.

ಗಣಕಯಂತ್ರದ ಸ್ಮರಣೆಯಲ್ಲಿ ಇದೇ ಪ್ರಶ್ನೆ ನಿತ್ಯವೂ ಏಳುತ್ತದೆ. ಅಲ್ಲಿ ಪಂಕ್ತಿಯನ್ನು ಕೂರಿಸುವ ಹಿರಿಯನ ಸ್ಥಾನದಲ್ಲಿರುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳು. ಇದನ್ನು ಕರ್ನಲ್ ಎನ್ನುತ್ತಾರೆ. ಒಟ್ಟಾಗಿ ಕೊಡಬೇಕಾದ ಸ್ಥಳಕ್ಕೆ ದೊಡ್ಡ ಪುಟ ಎಂದು ಹೆಸರು. ಅದನ್ನು ಯಾರಿಗೆ, ಯಾವಾಗ, ಯಾರ ವೆಚ್ಚದಲ್ಲಿ ಕೊಡಬೇಕೆಂಬ ನೀತಿಯನ್ನು ನಮ್ಮ ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪುಟ ಮತ್ತು ವಿಳಾಸ

ಗಣಕಯಂತ್ರದಲ್ಲಿ ನಡೆಯುವ ಪ್ರತಿಯೊಂದು ಪ್ರೋಗ್ರಾಮೂ ತನಗೊಂದು ಸ್ವಂತ ವಿಳಾಸಗಳ ಲೋಕವಿದೆಯೆಂದು ಭಾವಿಸಿ ಕೆಲಸ ಮಾಡುತ್ತದೆ. ಆ ಕಲ್ಪಿತ ವಿಳಾಸಕ್ಕೂ ಸ್ಮರಣೆಯ ನಿಜವಾದ ಸ್ಥಳಕ್ಕೂ ಸಂಬಂಧ ಕಲ್ಪಿಸುವುದು ಕರ್ನಲ್‌ನ ಹೊಣೆ. ಒಂದೊಂದು ಬೈಟಿಗೂ ಪ್ರತ್ಯೇಕ ಲೆಕ್ಕವಿಡುವುದು ಅಸಾಧ್ಯವಾದ ಕಾರಣ ಸ್ಮರಣೆಯನ್ನು ಸಮನಾದ ತುಂಡುಗಳಾಗಿ ವಿಂಗಡಿಸುತ್ತಾರೆ. ಇವೇ ಪುಟಗಳು. ಸಾಮಾನ್ಯ ಪುಟವೊಂದರ ಅಳತೆ 4 ಕಿಲೋಬೈಟ್, ಎಂದರೆ 4096 ಬೈಟ್‌ಗಳು.

ಈ ಲೆಕ್ಕದ ಪುಸ್ತಕಗಳು ನಮ್ಮ ಕಂದಾಯ ದಾಖಲೆಗಳನ್ನು ಬಹುಮಟ್ಟಿಗೆ ಹೋಲುತ್ತವೆ. ಒಂದು ಸರ್ವೆ ನಂಬರಿನ ಜಮೀನನ್ನು ಹುಡುಕಬೇಕಾದರೆ ಮೊದಲು ತುಮಕೂರು ಜಿಲ್ಲೆಯ ಪುಸ್ತಕದಲ್ಲಿ ತಾಲ್ಲೂಕನ್ನು ನೋಡಬೇಕು. ತಾಲ್ಲೂಕು ಮಧುಗಿರಿಯೆಂದಾದರೆ ಅದರ ಪುಸ್ತಕದಲ್ಲಿ ಹೋಬಳಿಯನ್ನು ನೋಡಬೇಕು. ಹೋಬಳಿ ಮಿಡಿಗೇಶಿಯೆಂದಾದರೆ ಅಲ್ಲಿ ಗ್ರಾಮವನ್ನು ನೋಡಬೇಕು. ಕಡೆಗೆ ಗ್ರಾಮದ ಪುಸ್ತಕದಲ್ಲಿ ಸರ್ವೆ ನಂಬರು ಸಿಕ್ಕುತ್ತದೆ. ಇಂದು ಬಹಳವಾಗಿ ಬಳಕೆಯಲ್ಲಿರುವ 64 ಬಿಟ್ ಪ್ರೊಸೆಸರುಗಳಲ್ಲಿಯೂ ಹೀಗೆಯೇ ನಾಲ್ಕು ಹಂತದ ಪುಸ್ತಕಗಳಿವೆ. ಪ್ರತಿ ಪುಸ್ತಕದಲ್ಲಿ 512 ನಮೂದುಗಳು. ಆದ್ದರಿಂದ ಒಂದು 'ಗ್ರಾಮ'ವೆಂದರೆ 512 ಪುಟಗಳು, ಅಂದರೆ 2 ಮೆಗಾಬೈಟ್; ಒಂದು 'ಹೋಬಳಿ'ಯೆಂದರೆ ಅಂತಹ 512 ಗ್ರಾಮಗಳು, ಅಂದರೆ 1 ಗಿಗಾಬೈಟ್.

ಪ್ರತಿಯೊಂದು ವಿಳಾಸಕ್ಕೂ ನಾಲ್ಕು ಪುಸ್ತಕಗಳನ್ನು ತಿರುವುತ್ತ ಕುಳಿತರೆ ಕೆಲಸ ಸಾಗುವುದಿಲ್ಲ. ಅನುಭವಸ್ಥ ಶ್ಯಾನುಭೋಗರು ಆಗಾಗ ಬೇಕಾಗುವ ನಂಬರುಗಳನ್ನು ಜೇಬಿನ ಕಿರುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಂತೆ ಪ್ರೊಸೆಸರು ಕೂಡ ಒಂದು ಕಿರುಪುಸ್ತಕವನ್ನು ಇಟ್ಟುಕೊಂಡಿರುತ್ತದೆ. ಇದಕ್ಕೆ ಟಿ.ಎಲ್.ಬಿ. ಎಂದು ಹೆಸರು. ವಿಳಾಸ ಅದರಲ್ಲಿದ್ದರೆ ಪುಸ್ತಕಗಳನ್ನು ತೆರೆಯಬೇಕಾಗಿಲ್ಲ. ಆದರೆ ಜೇಬು ಚಿಕ್ಕದು.

2. ದೊಡ್ಡ ಪುಟದಿಂದ ಬರುವ ಲಾಭ

ಜೇಬು ಎಷ್ಟು ಚಿಕ್ಕದೆಂಬುದಕ್ಕೆ ಒಂದು ಉದಾಹರಣೆ. ಇಂಟೆಲ್ ಸಂಸ್ಥೆಯು 2015ರಲ್ಲಿ ಹೊರತಂದ ಸ್ಕೈಲೇಕ್ ಮಾದರಿಯ ಪ್ರೊಸೆಸರಿನ ಎರಡನೆಯ ಹಂತದ ಟಿ.ಎಲ್.ಬಿ.ಯಲ್ಲಿ 1536 ನಮೂದುಗಳಿಗೆ ಸ್ಥಳವಿದೆ. ಒಂದೊಂದು ನಮೂದೂ 4 ಕಿಲೋಬೈಟಿನ ಪುಟವನ್ನು ಸೂಚಿಸಿದರೆ ಒಟ್ಟು 6 ಮೆಗಾಬೈಟ್ ಸ್ಮರಣೆಯಷ್ಟೇ ಅದರ ವ್ಯಾಪ್ತಿಗೆ ಬರುತ್ತದೆ. ಹತ್ತಾರು ಗಿಗಾಬೈಟ್ ಸ್ಮರಣೆಯಲ್ಲಿ ಅತ್ತಿಂದಿತ್ತ ಓಡಾಡುವ ದೊಡ್ಡ ಪ್ರೋಗ್ರಾಮಿಗೆ ಇದು ಏನೇನೂ ಸಾಲದು. ಅದೇ 1536 ನಮೂದುಗಳು 2 ಮೆಗಾಬೈಟಿನ ದೊಡ್ಡ ಪುಟಗಳನ್ನು ಸೂಚಿಸಿದರೆ ವ್ಯಾಪ್ತಿಯು 3 ಗಿಗಾಬೈಟಿಗೆ ಏರುತ್ತದೆ.

ಎರಡನೆಯ ಲಾಭವೂ ಇದೆ. ಗ್ರಾಮದ ಇಡೀ ಜಮೀನು ಒಂದೇ ಹಿಡುವಳಿಯಾಗಿದ್ದರೆ ಹೋಬಳಿಯ ಪುಸ್ತಕದಲ್ಲಿಯೇ 'ಈ ಗ್ರಾಮವೆಲ್ಲ ಇಂಥವರದು' ಎಂದು ಬರೆದು ಮುಗಿಸಬಹುದು. ಗ್ರಾಮದ ಪುಸ್ತಕವನ್ನು ತೆರೆಯುವ ಅಗತ್ಯವಿಲ್ಲ. ನಾಲ್ಕು ಹುಡುಕಾಟಗಳು ಮೂರಾಗುತ್ತವೆ. 1 ಗಿಗಾಬೈಟಿನ ಪುಟವಾದರೆ ಎರಡಾಗುತ್ತವೆ. ಒಂದು ಗಣಕಯಂತ್ರದೊಳಗೆ ಇನ್ನೊಂದು ಕಲ್ಪಿತ ಯಂತ್ರವನ್ನು ನಡೆಸುವಾಗ ಈ ಲಾಭ ಇನ್ನೂ ಹಿರಿದು. ಅಲ್ಲಿ ಒಳಗಿನ ಯಂತ್ರದ ಪ್ರತಿಯೊಂದು ಪುಸ್ತಕವನ್ನು ಹುಡುಕಲು ಹೊರಗಿನ ಯಂತ್ರದ ಪುಸ್ತಕಗಳನ್ನೂ ತಿರುವಬೇಕಾಗುವುದರಿಂದ ಒಂದು ವಿಳಾಸಕ್ಕೆ 24 ಸಲದವರೆಗೆ ಸ್ಮರಣೆಯನ್ನು ಓದಬೇಕಾಗುತ್ತದೆ. ಎರಡೂ ಕಡೆ 2 ಮೆಗಾಬೈಟಿನ ಪುಟಗಳಿದ್ದರೆ ಅದು 15ಕ್ಕೆ ಇಳಿಯುತ್ತದೆ.

ಇಷ್ಟು ಲಾಭವಿರುವಾಗ ಎಲ್ಲರಿಗೂ ದೊಡ್ಡ ಪುಟವನ್ನೇ ಕೊಡಬಾರದೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ಎರಡು: ಒಂದು, ಒತ್ತಾದ ಸ್ಥಳ ದೊರೆಯುವುದಿಲ್ಲ, ಎರಡು, ದೊರೆತರೂ ಕೊಟ್ಟದ್ದೆಲ್ಲ ಸಾರ್ಥಕವಾಗುವುದಿಲ್ಲ.

3. ಸ್ಥಳವಿದ್ದರೂ ಸ್ಥಳವಿಲ್ಲದ ಸ್ಥಿತಿ

ದೊಡ್ಡ ಪುಟಕ್ಕೆ 512 ಚಿಕ್ಕ ಪುಟಗಳ ಸ್ಥಳವು ಎಡೆಬಿಡದೆ ಒತ್ತಾಗಿರಬೇಕು. ಅಷ್ಟೇ ಅಲ್ಲದೆ ಅದು 2 ಮೆಗಾಬೈಟಿನ ಎಲ್ಲೆಕಲ್ಲಿನಿಂದಲೇ ಆರಂಭವಾಗಬೇಕು. ಇಂತಹ ಸ್ಥಳವನ್ನು ಉಳಿಸಿಕೊಳ್ಳಲು ಕರ್ನಲ್‌ಗಳು 'ಜೊತೆಗಾರ' ಪದ್ಧತಿಯನ್ನು ಅನುಸರಿಸುತ್ತವೆ. ಕೆನೆತ್ ನೋಲ್ಟನ್ 1965ರಲ್ಲಿ ಪ್ರಕಟಿಸಿದ ಪದ್ಧತಿ ಇದು. ದೊಡ್ಡ ತುಂಡನ್ನು ಬೇಡಿಕೆಗೆ ತಕ್ಕಂತೆ ಅರ್ಧ, ಅರ್ಧದ ಅರ್ಧವಾಗಿ ಒಡೆಯುತ್ತಾರೆ. ಎರಡು ಜೊತೆಗಾರ ತುಂಡುಗಳೂ ಖಾಲಿಯಾದೊಡನೆ ಅವನ್ನು ಮತ್ತೆ ಕೂಡಿಸುತ್ತಾರೆ. ಅಣ್ಣತಮ್ಮಂದಿರು ಭಾಗವಾದ ಹೊಲವನ್ನು ಬದು ಕೆಡವಿ ಮತ್ತೆ ಒಂದುಮಾಡಿದಂತೆ. ಆದರೆ ಒಬ್ಬ ತಮ್ಮ ಒಪ್ಪದಿದ್ದರೆ ಹೊಲ ಒಂದಾಗಲಾರದು.

ಆ ಒಪ್ಪದ ತಮ್ಮ ಯಾರೆಂಬುದು ವಿಚಾರಾರ್ಹವಾಗಿದೆ. ಪ್ರೋಗ್ರಾಮುಗಳ ಪುಟಗಳನ್ನು ಸಾಮಾನ್ಯವಾಗಿ ಬೇರೆಡೆಗೆ ಸರಿಸಬಹುದು. ಒಳಗಿರುವುದನ್ನು ನಕಲು ಮಾಡಿ, ಪುಸ್ತಕದಲ್ಲಿ ಹೊಸ ವಿಳಾಸವನ್ನು ಬರೆದರೆ ಪ್ರೋಗ್ರಾಮಿಗೆ ಅದು ತಿಳಿಯುವುದೇ ಇಲ್ಲ. ಆದರೆ ಕರ್ನಲ್ ತನ್ನ ಸ್ವಂತ ಕೆಲಸಕ್ಕೆಂದು ಹಿಡಿದಿಟ್ಟ ಪುಟಗಳಲ್ಲಿ ಹೆಚ್ಚಿನವನ್ನು ಸರಿಸಲಾಗುವುದಿಲ್ಲ, ಏಕೆಂದರೆ ಅವುಗಳ ನಿಜವಾದ ಸ್ಥಳವನ್ನು ನೇರವಾಗಿ ನೆನಪಿಟ್ಟುಕೊಂಡ ಭಾಗಗಳು ಹಲವಿರುತ್ತವೆ. ಪಂಕ್ತಿಯ ಉಪಮಾನದಲ್ಲಿ ಹೇಳುವುದಾದರೆ, ಕುಳಿತ ಭಕ್ತರು ಸರಿಯಬಲ್ಲರು. ಬಡಿಸುವವರು ತಾವೇ ಸಾಲಿನ ನಡುವೆ ಇಟ್ಟ ಸಾರಿನ ಕೊಪ್ಪರಿಗೆಯು ಸರಿಯದು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. 16 ಗಿಗಾಬೈಟ್ ಸ್ಮರಣೆಯಲ್ಲಿ 2 ಮೆಗಾಬೈಟಿನ ತುಂಡುಗಳು 8192 ಇರುತ್ತವೆ. ಒಂದೊಂದು ತುಂಡಿನಲ್ಲಿಯೂ ಸರಿಸಲಾಗದ ಒಂದೇ ಒಂದು ಚಿಕ್ಕ ಪುಟ ಕುಳಿತಿತೆಂದು ಭಾವಿಸೋಣ. ಅವೆಲ್ಲವೂ ಸೇರಿ ಕೇವಲ 32 ಮೆಗಾಬೈಟ್. ಒಟ್ಟು ಸ್ಮರಣೆಯ ಐನೂರರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಖಾಲಿಯಿದ್ದರೂ ಆ ಯಂತ್ರದಲ್ಲಿ ಒಂದು ದೊಡ್ಡ ಪುಟವೂ ಹುಟ್ಟಲಾರದು! ಎಷ್ಟು ಸ್ಥಳ ಹಿಡಿದಿದೆ ಎಂಬುದಕ್ಕಿಂತ ಎಲ್ಲಿ ಹಿಡಿದಿದೆ ಎಂಬುದೇ ಇಲ್ಲಿ ಮುಖ್ಯ.

ಈ ಕಾರಣದಿಂದ ಲಿನಕ್ಸ್ ಕರ್ನಲ್‌ನ 2008ರ ಜನವರಿಯ 2.6.24ನೆಯ ಆವೃತ್ತಿಯಲ್ಲಿ ಸರಿಯಬಲ್ಲ ಪುಟಗಳನ್ನೂ ಸರಿಯಲಾರದ ಪುಟಗಳನ್ನೂ ಬೇರೆ ಬೇರೆ ತುಂಡುಗಳಲ್ಲಿ ಇರಿಸುವ ಕ್ರಮ ಬಂದಿತು. 2010ರ 2.6.35ನೆಯ ಆವೃತ್ತಿಯಲ್ಲಿ ಚದುರಿದ ಪುಟಗಳನ್ನು ಒಂದೆಡೆಗೆ ಒತ್ತರಿಸಿ ಇನ್ನೊಂದೆಡೆ ಬಯಲು ಮಾಡುವ ಕ್ರಮ ಸೇರಿತು. ಇವೆರಡರ ಹಿಂದೆಯೂ ಮೆಲ್ ಗಾರ್ಮನ್ ಎಂಬುವರ ಪರಿಶ್ರಮವಿದೆ.

4. ಕಾದಿರಿಸುವ ನೀತಿ, ಕೊಟ್ಟುಬಿಡುವ ನೀತಿ

ಸ್ಥಳ ದೊರೆತ ಮೇಲೆ ಕೊಡುವ ಬಗೆ ಹೇಗೆ? ಇದರಲ್ಲಿ ಎರಡು ಮುಖ್ಯ ಮಾರ್ಗಗಳಿವೆ.

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವಾರೋ, ಅಯ್ಯರ್ ಮೊದಲಾದವರು 2002ರಲ್ಲಿ ಮಂಡಿಸಿದ ಮಾರ್ಗವು ಕಾದಿರಿಸುವ ಮಾರ್ಗ. ಪ್ರೋಗ್ರಾಮು ಮೊದಲ ಚಿಕ್ಕ ಪುಟವನ್ನು ಕೇಳಿದಾಗ ಅದರ ಸುತ್ತಲಿನ ಸ್ಥಳವನ್ನು ಕಾದಿರಿಸುತ್ತಾರೆ. ಅದು ನಿಜವಾಗಿ ತುಂಬಿದ ಮೇಲೆಯೇ ದೊಡ್ಡ ಪುಟವೆಂದು ಬರೆದುಕೊಡುತ್ತಾರೆ. ಬೇರೆಯವರಿಗೆ ಅಗತ್ಯ ಬಿದ್ದರೆ ಕಾದಿರಿಸಿದ್ದನ್ನು ಬಿಡಿಸುತ್ತಾರೆ. ಲಿನಕ್ಸ್ 2011ರ ಮಾರ್ಚಿಯ 2.6.38ನೆಯ ಆವೃತ್ತಿಯಲ್ಲಿ ಸ್ವೀಕರಿಸಿದ್ದು ಕೊಟ್ಟುಬಿಡುವ ಮಾರ್ಗ. ಮೊದಲ ಸ್ಪರ್ಶದಲ್ಲಿಯೇ ಒತ್ತಾದ ಸ್ಥಳವಿದ್ದರೆ 2 ಮೆಗಾಬೈಟನ್ನೂ ಕೊಟ್ಟುಬಿಡುವುದು. ಇಲ್ಲದಿದ್ದರೆ ಚಿಕ್ಕ ಪುಟಗಳನ್ನು ಕೊಟ್ಟಿದ್ದು, ಅನಂತರ ಹಿನ್ನೆಲೆಯಲ್ಲಿ ತಿರುಗುವ ಒಂದು ಸಹಾಯಕ ಕಾರ್ಯವು ಅವನ್ನು ಕೂಡಿಸಿ ದೊಡ್ಡದು ಮಾಡುವುದು.

ಕೊಟ್ಟುಬಿಡುವ ಮಾರ್ಗ ವೇಗವಾದುದು. ಆದರೆ ಅದರಲ್ಲಿ ಮೂರು ದೋಷಗಳಿವೆ. ಮೊದಲನೆಯದು, ಹೊಸದಾಗಿ ಕೊಡುವ ಸ್ಮರಣೆಯಲ್ಲಿ ಹಿಂದಿನವರ ಬರಹ ಉಳಿಯದಂತೆ ಸೊನ್ನೆ ತುಂಬಿಸಿ ಕೊಡಬೇಕಾದ್ದರಿಂದ, ಒಂದು ಪುಟದ ಬದಲು 512 ಪುಟಗಳನ್ನು ಒರೆಸುವವರೆಗೆ ಪ್ರೋಗ್ರಾಮು ಕಾಯಬೇಕಾಗುತ್ತದೆ. ಎರಡನೆಯದು, ಒಂದು ಪ್ರಕ್ರಿಯೆಯು ತನ್ನದೇ ಪ್ರತಿರೂಪವನ್ನು ಹುಟ್ಟಿಸಿ ಇಬ್ಬರೂ ಸ್ಮರಣೆಯನ್ನು ಹಂಚಿಕೊಂಡಿರುವಾಗ, ಒಬ್ಬರು ಒಂದು ಬೈಟನ್ನು ತಿದ್ದಿದರೂ ಲಿನಕ್ಸ್‌ನಲ್ಲಿ 2020ರವರೆಗೆ 4 ಕಿಲೋಬೈಟಿಗೆ ಬದಲು 2 ಮೆಗಾಬೈಟನ್ನು ನಕಲು ಮಾಡಬೇಕಾಗುತ್ತಿತ್ತು. ರೆಡಿಸ್ ಎಂಬ ಪ್ರಸಿದ್ಧ ದತ್ತಸಂಚಯ ತಂತ್ರಾಂಶದ ಕೈಪಿಡಿಯು ದೊಡ್ಡ ಪುಟಗಳನ್ನು ನಿಲ್ಲಿಸಿರೆಂದು ಸಲಹೆ ಕೊಡುವುದಕ್ಕೆ ಇದು ಮುಖ್ಯ ಕಾರಣ. ಮೂರನೆಯದು ಎಲ್ಲಕ್ಕಿಂತ ಗಹನವಾದ ದೋಷ: ಬಳಸದೆ ಹಿಡಿದಿಡುವುದು. ಮೇಲೆ ಹೇಳಿದ ಸಹಾಯಕ ಕಾರ್ಯಕ್ಕೆ ಲಿನಕ್ಸ್ ಇಟ್ಟಿರುವ ಮೂಲ ನಿಯಮದಂತೆ 512 ಪುಟಗಳಲ್ಲಿ 511 ಖಾಲಿಯಿದ್ದರೂ ದೊಡ್ಡ ಪುಟವನ್ನು ರಚಿಸಬಹುದು. ಒಂದು ಹಿಡಿ ಕೇಳಿದವನಿಗೆ ಒಂದು ಮೂಟೆ ಕೊಟ್ಟಂತಾಯಿತು.

ಐದಕ್ಕಿ ಮಾರಯ್ಯನವರ ಕಥೆಯು ಇಲ್ಲಿ ನೆನಪಿಗೆ ಬರುವುದು ಸಹಜ. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವ ಕಾಯಕದಲ್ಲಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನವರು ಅಗತ್ಯಕ್ಕೆ ಮೀರಿದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಆ ಅಕ್ಕಿ ಕದ್ದದ್ದಲ್ಲ; ಆದರೂ ಅದು ಇನ್ನೊಬ್ಬರ ಪಾಲು ಎಂಬುದು ಲಕ್ಕಮ್ಮನವರ ನಿಲುವು. ಗಣಕಯಂತ್ರದ ಪ್ರೋಗ್ರಾಮಿಗೆ ಇಂತಹ ವಿವೇಕವಿಲ್ಲ. ಆದಕಾರಣ ಆ ವಿವೇಕವನ್ನು ಕರ್ನಲ್‌ನ ನೀತಿಯಲ್ಲಿಯೇ ಇಡಬೇಕಾಗುತ್ತದೆ.

5. ಬೆಂಗಳೂರಿನಲ್ಲಿ ನಡೆದ ಅಧ್ಯಯನಗಳು

ಈ ಪ್ರಶ್ನೆಗಳನ್ನು ಕುರಿತು ಜಗತ್ತು ಗಮನಿಸಿದ ಕೆಲವು ಅಧ್ಯಯನಗಳು ನಮ್ಮ ನಾಡಿನಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿವೆಯೆಂಬುದು ಹೆಮ್ಮೆಯ ಸಂಗತಿ.

ಆಶಿಶ್ ಪನ್ವಾರ್, ಅರವಿಂದ ಪ್ರಸಾದ್, ಕೆ. ಗೋಪಿನಾಥ್ ಅವರು 2018ರಲ್ಲಿ ಪ್ರಕಟಿಸಿದ ಪ್ರಬಂಧವು ಕೊಪ್ಪರಿಗೆಯ ಸಮಸ್ಯೆಯನ್ನು ಕೈಗೆತ್ತಿಕೊಂಡಿತು. ಸರಿಯಬಲ್ಲವೂ ಸರಿಯಲಾರದವೂ ಬೇರೆ ಬೇರೆಯಾಗಿ ಇರಬೇಕೆಂಬ ನಿಯಮವಿದ್ದರೂ, ಸ್ಥಳದ ಅಭಾವವಾದಾಗ ಲಿನಕ್ಸ್ ಒಂದರ ತುಂಡಿನಲ್ಲಿ ಇನ್ನೊಂದಕ್ಕೆ ಜಾಗ ಕೊಡುತ್ತದೆ. ಹೀಗೆ ಮಿಶ್ರವಾದ ತುಂಡುಗಳನ್ನು ಮಿಶ್ರವೆಂದು ಗುರುತಿಸದೆ ಇರುವುದರಿಂದ, ಅವನ್ನು ತೆರವುಗೊಳಿಸಲು ಕರ್ನಲ್ ವ್ಯರ್ಥವಾಗಿ ಶ್ರಮಿಸುತ್ತದೆ. ನೂರಾರು ಪುಟಗಳನ್ನು ಸಾಗಿಸಿದ ಮೇಲೆ ಸರಿಯದ ಒಂದು ಪುಟ ಎದುರಾಗಿ ಮಾಡಿದ ಕೆಲಸವೆಲ್ಲ ನೀರುಪಾಲಾಗುತ್ತದೆ. ಮಿಶ್ರ ತುಂಡುಗಳನ್ನು ಪ್ರತ್ಯೇಕ ವರ್ಗವಾಗಿ ಲೆಕ್ಕವಿಡಬೇಕೆಂಬುದು ಅವರು ತೋರಿಸಿದ ಪರಿಹಾರ.

ಪನ್ವಾರ್ ಮತ್ತು ಗೋಪಿನಾಥ್ ಅವರು ದೆಹಲಿಯ ಐ.ಐ.ಟಿ.ಯ ಸೋರವ್ ಬನ್ಸಲ್ ಅವರೊಡನೆ ಸೇರಿ 2019ರಲ್ಲಿ 'ಹಾಕ್‌ಐ' ಎಂಬ ವ್ಯವಸ್ಥೆಯನ್ನು ಮಂಡಿಸಿದರು. ಇಲ್ಲಿ ಪ್ರಶ್ನೆಯು ನ್ಯಾಯದ್ದು. ದೊಡ್ಡ ಪುಟಗಳು ಕೆಲವೇ ಇದ್ದು, ಕೇಳುವ ಪ್ರೋಗ್ರಾಮುಗಳು ಹಲವಿದ್ದಾಗ ಯಾರಿಗೆ ಕೊಡಬೇಕು? ಲಿನಕ್ಸ್ ಮೊದಲು ಬಂದವರಿಗೆ ಮೊದಲು ಕೊಡುತ್ತಿತ್ತು. 2016ರಲ್ಲಿ ಟೆಕ್ಸಾಸ್‌ನ ವಿದ್ವಾಂಸರು ರೂಪಿಸಿದ 'ಇನ್‌ಜೆನ್ಸ್' ಎಲ್ಲರಿಗೂ ಪ್ರಮಾಣಕ್ಕೆ ತಕ್ಕ ಪಾಲನ್ನು ಕೊಡುತ್ತಿತ್ತು. ಹಾಕ್‌ಐ ಕೇಳಿದ್ದು ಬೇರೆಯ ಪ್ರಶ್ನೆ: ವಿಳಾಸ ಹುಡುಕುವುದರಲ್ಲಿ ಯಾರು ಹೆಚ್ಚು ಕಾಲವನ್ನು ಕಳೆದುಕೊಳ್ಳುತ್ತಿದ್ದಾರೆ? ಪ್ರೊಸೆಸರಿನಲ್ಲಿರುವ ಎಣಿಕೆಯ ಸಾಧನಗಳಿಂದ ಈ ಕಷ್ಟವನ್ನು ಅಳೆದು, ಹೆಚ್ಚು ಕಷ್ಟದಲ್ಲಿರುವವರಿಗೆ ಮೊದಲು ಕೊಡುವುದು ಅದರ ಕ್ರಮ. ಸ್ಮರಣೆಯನ್ನು ಹೆಚ್ಚು ಹಿಡಿದ ಪ್ರೋಗ್ರಾಮೇ ಹೆಚ್ಚು ಕಷ್ಟದಲ್ಲಿರಬೇಕೆಂಬ ನಿಯಮವಿಲ್ಲ.

ಅದೇ ವ್ಯವಸ್ಥೆಯು ಲಕ್ಕಮ್ಮನವರ ವಿವೇಕಕ್ಕೂ ಒಂದು ಯಾಂತ್ರಿಕ ರೂಪವನ್ನು ಕೊಟ್ಟಿತು. ಸ್ಮರಣೆಯ ಅಭಾವ ಬಂದಾಗ ದೊಡ್ಡ ಪುಟಗಳ ಒಳಗೆ ಕಣ್ಣಾಡಿಸಿ, ಬರಿಯ ಸೊನ್ನೆಗಳೇ ತುಂಬಿದ ಚಿಕ್ಕ ಪುಟಗಳು ಎಷ್ಟಿವೆಯೆಂದು ನೋಡಿ, ಬಳಸದ ಭಾಗವನ್ನು ಮರಳಿ ಪಡೆಯುತ್ತದೆ. ಬಳಕೆಯಲ್ಲಿರುವ ಪುಟವಾದರೆ ಸಾಮಾನ್ಯವಾಗಿ ಮೊದಲ ಕೆಲವೇ ಬೈಟುಗಳಲ್ಲಿ ಸೊನ್ನೆಯಲ್ಲದ ಬರಹ ಕಾಣುವುದರಿಂದ ಈ ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಿಲ್ಲ. ಸೊನ್ನೆ ತುಂಬಿಸುವ ಕೆಲಸವನ್ನೂ ಬಿಡುವಿನ ವೇಳೆಯಲ್ಲಿ ಮೊದಲೇ ಮಾಡಿಡುವುದರಿಂದ ಕೇಳಿದವರು ಕಾಯಬೇಕಾಗಿಲ್ಲ.

ಅನಂತರ 2021ರಲ್ಲಿ ವೆಂಕಟ ಶ್ರೀಸಾಯಿರಾಮ್, ಪನ್ವಾರ್, ಅರ್ಕಪ್ರಭ ಬಸು ಅವರು ಅದೇ ಸಂಸ್ಥೆಯಿಂದ 'ಟ್ರೈಡೆಂಟ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, 4 ಕಿಲೋಬೈಟ್, 2 ಮೆಗಾಬೈಟ್, 1 ಗಿಗಾಬೈಟ್ ಈ ಮೂರೂ ಅಳತೆಗಳನ್ನು ಸಂದರ್ಭ ನೋಡಿ ಬಳಸುವ ಬಗೆಯನ್ನು ತೋರಿಸಿದರು. ಲಿನಕ್ಸ್ ಕೂಡ 2024ರ 6.8ನೆಯ ಆವೃತ್ತಿಯಲ್ಲಿ 4 ಕಿಲೋಬೈಟಿಗೂ 2 ಮೆಗಾಬೈಟಿಗೂ ನಡುವಣ ಅಳತೆಯ ಪುಟಗಳಿಗೆ ಅವಕಾಶ ಕಲ್ಪಿಸಿತು. ಹಿಡಿಗೂ ಮೂಟೆಗೂ ನಡುವೆ ಸೇರು, ಕೊಳಗಗಳೂ ಇವೆಯೆಂದು ಒಪ್ಪಿದಂತಾಯಿತು.

6. ಪಾವಗಡದ ಬಯಲಿನಲ್ಲಿ ಕಂಡದ್ದು

ಚದುರಿದ ಹಿಡುವಳಿಗಳಿಂದ ಒತ್ತಾದ ಸ್ಥಳವನ್ನು ಪಡೆಯುವುದೆಂದರೇನೆಂಬುದು ನಮ್ಮ ಭಾಗದವರಿಗೆ ಪುಸ್ತಕದ ಮಾತಲ್ಲ. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಬಯಲಿನಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವು ನಿರ್ಮಾಣವಾಯಿತು. 2018ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡು 2019ರ ಕೊನೆಯಲ್ಲಿ ಪೂರ್ಣಗೊಂಡ ಈ ಯೋಜನೆಗೆ ಜಮೀನನ್ನು ಕೊಂಡುಕೊಳ್ಳಲಿಲ್ಲ. ರೈತರ ಒಡೆತನವನ್ನು ಉಳಿಸಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುವ ಗುತ್ತಿಗೆಗೆ ಪಡೆದರು. ಕಾದಿರಿಸುವ ನೀತಿಯೂ ಕೊಟ್ಟುಬಿಡುವ ನೀತಿಯೂ ಅಲ್ಲದ ಮೂರನೆಯ ದಾರಿಯೊಂದು ಇಲ್ಲಿ ಕಾಣುತ್ತದೆ: ಚಿಕ್ಕ ಹಿಡುವಳಿಗಳ ಗುರುತನ್ನು ಅಳಿಸದೆ ದೊಡ್ಡ ಹಿಡುವಳಿಯ ಲಾಭವನ್ನು ಪಡೆಯುವುದು.

ಆದರೆ ಗುತ್ತಿಗೆಯ ಹಣ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಭೂರಹಿತರಿಗೆ ಯಾವ ಪುಸ್ತಕದಲ್ಲಿಯೂ ನಮೂದಿರಲಿಲ್ಲ. ಬಯಲು ಒಂದಾದಾಗ ಅವರು ಕಳೆದುಕೊಂಡದ್ದು ಲೆಕ್ಕಕ್ಕೆ ಬರುವುದು ಕಷ್ಟವಾಯಿತು. ಮನುಷ್ಯರ ಬಾಳಿಗೂ ಯಂತ್ರದ ಪುಟಗಳಿಗೂ ಸಾಟಿ ಹೇಳುವುದು ಸಲ್ಲದು. ಆದರೂ ಹಂಚಿಕೆಯ ನೀತಿಯನ್ನು ಬರೆಯುವವರಿಗೆ ಇದರಲ್ಲಿ ಒಂದು ಪಾಠವಿದೆ. ಒಂದು ಪ್ರೋಗ್ರಾಮಿಗೆ ದೊಡ್ಡ ಪುಟವನ್ನು ಒದಗಿಸಲು ಕರ್ನಲ್ ಉಳಿದವರ ಪುಟಗಳನ್ನು ಸರಿಸುವಾಗ, ಆ ಸರಿಸುವಿಕೆಯ ವಿಳಂಬವು ಫಲ ಪಡೆದವನ ಲೆಕ್ಕದಲ್ಲಿ ಕಾಣದೆ, ಏನನ್ನೂ ಕೇಳದೆ ಇದ್ದ ಇನ್ನೊಬ್ಬನ ಲೆಕ್ಕಕ್ಕೆ ಬೀಳಬಹುದು. ವೇಗ ಎಷ್ಟು ಹೆಚ್ಚಿತೆಂದು ಅಳೆಯುವವನು ಯಾರಿಗೆ ಎಷ್ಟು ಕುಗ್ಗಿತೆಂದೂ ಅಳೆಯತಕ್ಕದ್ದು.

7. ಶಾಲೆಯಲ್ಲಿ ಮಾಡಿ ನೋಡಬಹುದಾದ ಪ್ರಯೋಗ

ಲಿನಕ್ಸ್ ಇರುವ ಯಾವ ಗಣಕಯಂತ್ರದಲ್ಲಾದರೂ ಇದನ್ನು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷವಾಗಿ ತೋರಿಸಬಹುದು. 'ಪ್ರೋಕ್' ಎಂಬ ಕಡತಕೋಶದಲ್ಲಿ 'ಬಡ್ಡಿಇನ್ಫೋ' ಎಂಬ ಕಡತವಿದೆ. ಅದರ ಸಾಲುಗಳಲ್ಲಿ ಎಡದಿಂದ ಬಲಕ್ಕೆ ಬರುವ ಸಂಖ್ಯೆಗಳು ಕ್ರಮವಾಗಿ 1, 2, 4, 8 ಹೀಗೆ ಇಮ್ಮಡಿಯಾಗುತ್ತ ಹೋಗುವ ಪುಟಗಳ ಖಾಲಿ ತುಂಡುಗಳು ಎಷ್ಟಿವೆಯೆಂದು ತಿಳಿಸುತ್ತವೆ. ಹತ್ತನೆಯ ಸಂಖ್ಯೆಯು 512 ಪುಟಗಳ ತುಂಡುಗಳದು. ಯಂತ್ರವನ್ನು ಆಗತಾನೇ ಆರಂಭಿಸಿದಾಗ ಒಮ್ಮೆ, ಇಡೀ ದಿನ ಬಳಸಿದ ಮೇಲೆ ಇನ್ನೊಮ್ಮೆ ಈ ಸಂಖ್ಯೆಗಳನ್ನು ಬರೆದುಕೊಂಡು ಹೋಲಿಸಲಿ. ಎಡಗಡೆಯ ಸಂಖ್ಯೆಗಳು ಬೆಳೆದು ಬಲಗಡೆಯವು ಕರಗಿದ್ದರೆ ಸ್ಥಳ ಚದುರಿದೆಯೆಂದು ತಿಳಿಯಬೇಕು. ಅಲ್ಲಿಯೇ ಇರುವ 'ಮೆಮ್‌ಇನ್ಫೋ' ಕಡತದಲ್ಲಿ 'ಅನಾನ್‌ಹ್ಯೂಜ್‌ಪೇಜಸ್' ಎಂಬ ಸಾಲು ಆ ಕ್ಷಣದಲ್ಲಿ ಪ್ರೋಗ್ರಾಮುಗಳ ಕೈಯಲ್ಲಿ ದೊಡ್ಡ ಪುಟಗಳ ರೂಪದಲ್ಲಿ ಎಷ್ಟು ಸ್ಮರಣೆಯಿದೆಯೆಂದು ಹೇಳುತ್ತದೆ. ಇದಕ್ಕೆ ಬೆಲೆಬಾಳುವ ಉಪಕರಣ ಬೇಕಿಲ್ಲ. ಹಳೆಯ ಯಂತ್ರವೊಂದು, ಒಂದು ನೋಟುಪುಸ್ತಕ, ತಾಳ್ಮೆ ಇಷ್ಟಿದ್ದರೆ ಸಾಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಿಂದ ಬಂದು ಗಣಕವಿಜ್ಞಾನವನ್ನು ಓದುವ ಮಕ್ಕಳು ಇಂದು ಅನೇಕರಿದ್ದಾರೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೆರೆಯ ತೂಬಿನ ನೀರನ್ನು ಸರದಿಯಂತೆ ಹಂಚಿಕೊಳ್ಳುವುದನ್ನು ನೋಡಿ ಬೆಳೆದವರಿಗೆ, ಇರುವುದು ಸಾಲದಿದ್ದಾಗ ಹೇಗೆ ಹಂಚಬೇಕೆಂಬ ಪ್ರಶ್ನೆ ಹೊಸದಲ್ಲ. ಕಷ್ಟವನ್ನು ಅಳೆದು ಕೊಡುವುದು, ಸರಿಯದ್ದನ್ನು ದಾರಿಯಲ್ಲಿ ಇಡದಿರುವುದು, ಬಳಸದ್ದನ್ನು ಮರಳಿ ಪಡೆಯುವುದು ಎಂಬ ಮೂರು ಸೂತ್ರಗಳು ದೊಡ್ಡ ಪುಟಗಳ ನೀತಿಯ ಸಾರವೆಂದು ಹೇಳಬಹುದು. ದಾಸೋಹದ ಮನೆಯಲ್ಲಿ ಎಲೆಯಿಡಲು ಕಲಿತ ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೊಂದು ದಿನ ಈ ನೀತಿಯ ಉಳಿದ ತೊಡಕುಗಳನ್ನು ಬಿಡಿಸುವಂತಾಗಲಿ ಎಂದು ಹಾರೈಸಿ ಈ ಪಾಠವನ್ನು ಮುಗಿಸುತ್ತೇನೆ.